ಎಳೆ ಮಾವಿಗೆ ಜಿಂಕೆ ಕಾಟ: ಮೊದಲು ಗೂಡು, ಆಮೇಲೆ ಗಿಡ

ಪ್ರಶ್ನೆ: ನಮ್ಮ ಜಮೀನು ಬಂಡೀಪುರ ಕಾಡಿನ ಅಂಚಿನಲ್ಲಿದೆ. ಹೋದ ವರ್ಷ ಒಂದು ಎಕರೆಯಲ್ಲಿ 48 ಮಾವು, ಸಪೋಟ ಕಸಿ ಗಿಡ ಹಾಕಿದೆವು. ಜಿಂಕೆಗಳು ತಿಂದು ಈಗ ಉಳಿದಿರುವುದು 11. ಸುತ್ತ ಬೇಲಿ ಹಾಕಿಸುವಷ್ಟು ದುಡ್ಡಿಲ್ಲ. ರಾತ್ರಿ ತಂತಿಗೆ ಕರೆಂಟ್ ಕೊಡಿ ಅಂತ ಪಕ್ಕದವರು ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ರೈತ, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ಕರೆಂಟ್ ಮಾತ್ರ ಕೊಡಲೇಬೇಡಿ. ಲೈನಿನಿಂದ ನೇರವಾಗಿ ಕೊಟ್ಟ ತಂತಿ ಜಿಂಕೆಯನ್ನಷ್ಟೇ ಅಲ್ಲ, ಬೆಳಗಿನ ಜಾವ ನೀರು ಕಟ್ಟಲು ಬಂದ ನಿಮ್ಮ ಮನೆಯವರನ್ನೂ ಕೊಲ್ಲುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಜಿಂಕೆ ಕೊಲ್ಲುವುದು ಅಪರಾಧ.

ತಿಂದದ್ದು ಜಿಂಕೆಯೇ ಅಂತ ಖಾತ್ರಿ ಮಾಡಿಕೊಂಡಿದ್ದೀರಾ? ಜಿಂಕೆಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಚಿಗುರನ್ನು ಹಿಡಿದು ಎಳೆದು ಹರಿಯುತ್ತದೆ. ತುದಿ ನಾರು ನಾರಾಗಿ ಸಿಗಿದಿರುತ್ತದೆ. ಮೊಲ ಕಡಿದರೆ ಕುಡುಗೋಲಿನಲ್ಲಿ ಕೊಯ್ದ ಹಾಗೆ ಓರೆಯಾಗಿ, ನುಣುಪಾಗಿರುತ್ತದೆ. ಆಡು ತಿಂದರೂ ಜಿಂಕೆ ತಿಂದ ಹಾಗೇ ಕಾಣುತ್ತದೆ. ಅದಕ್ಕೇ ಹೆಜ್ಜೆ, ಹಿಕ್ಕೆ ನೋಡಿ. ಕಾಂಡದ ತೊಗಟೆ ಉದ್ದಕ್ಕೆ ಸುಲಿದಿದ್ದರೆ ಅದು ಗಂಡು ಜಿಂಕೆ ಕೊಂಬು ಉಜ್ಜಿದ್ದು.

ಈಗ ಬೇಲಿಯ ಲೆಕ್ಕ. ಚೌಕಾಕಾರದ ಒಂದು ಎಕರೆಗೆ ಸುತ್ತಳತೆಯೇ ಸುಮಾರು 835 ಅಡಿ. 7 ಅಡಿ ಎತ್ತರದ ಮೆಶ್ (ತಂತಿ ಜಾಲರಿ), ಕಲ್ಲು ಕಂಬ, ಗೇಟು ಎಲ್ಲ ಬೇಕು. ಅದರ ಬದಲು ಒಂದೊಂದು ಗಿಡಕ್ಕೂ ಒಂದು ಗೂಡು ಮಾಡಿ. 11 ಅಡಿ ಉದ್ದದ ವೆಲ್ಡ್ ಮೆಶ್ ಸುತ್ತಿದರೆ ಮೂರೂವರೆ ಅಡಿ ಅಗಲದ ಗೂಡಾಗುತ್ತದೆ. 100 ಅಡಿ ರೋಲಿನಲ್ಲಿ 9 ಗೂಡು. ದುಡ್ಡು ಸಾಲದಿದ್ದರೆ ಈ ವರ್ಷ 18 ಗಿಡ ಮಾತ್ರ ಹಾಕಿ. ಗೂಡಿಲ್ಲದ 48 ಗಿಡಕ್ಕಿಂತ ಗೂಡಿರುವ 18 ಗಿಡ ಮೇಲು. ಹೋದ ವರ್ಷ ಅದನ್ನು ನೀವೇ ನೋಡಿದ್ದೀರಿ, ಅಲ್ವಾ?

ಮೆಶ್ 5 ಅಡಿ ಎತ್ತರ ಇರಲಿ, ಕಣ್ಣು 2 ಇಂಚಿಗಿಂತ ದೊಡ್ಡದು ಬೇಡ. ಜಿಂಕೆ ಹಾರುವುದಕ್ಕಿಂತ ಅಡಿಯಲ್ಲಿ ನುಸುಳುವುದನ್ನೇ ಇಷ್ಟಪಡುತ್ತದೆ. ಹಾಗಾಗಿ ಮೆಶ್‌ನ ಕೆಳ ಅಂಚನ್ನು ಗೂಟ ಹೊಡೆದು ನೆಲಕ್ಕೆ ಕಚ್ಚಿಸಿ. ಕಂಬಕ್ಕೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಮೂರು ಗೂಟ ನೆಡಿ. ಮಳೆಗೆ ಬೇರು ಬಿಡುತ್ತದೆ, ಗೆದ್ದಲಿನ ಭಯ ಕಡಿಮೆ. ಸವರಿದ ಸೊಪ್ಪು ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಮೆಶ್‌ನ ಒಂದು ಬದಿಯನ್ನು ಬಿಚ್ಚಿ ಕಟ್ಟುವ ಹಾಗೆ ಇಡಿ. ಇಲ್ಲದಿದ್ದರೆ ಒಳಗೆ ಕಳೆ ಕೀಳಲು ಆಗದೆ, ಜಿಂಕೆ ಬಿಟ್ಟದ್ದನ್ನು ಹುಲ್ಲು ನುಂಗುತ್ತದೆ. ಆನೆಗೆ ಈ ಗೂಡು ತಡೆಯಲ್ಲ, ಅದು ಗೊತ್ತಿರಲಿ.

ನಿಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಆ ಮಳೆಗೆ ನೆಡಲು ಗುಂಡಿಯನ್ನು ಮೊದಲೇ ತೆಗೆಸಿ: 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ಮೇಲ್ಮಣ್ಣು ಬೇರೆ ಇಡಿ. ಅದಕ್ಕೆ ಚೆನ್ನಾಗಿ ಕೊಳೆತ 20 ಕೆಜಿ ಕೊಟ್ಟಿಗೆ ಗೊಬ್ಬರ, 1 ಕೆಜಿ ಬೇವಿನ ಹಿಂಡಿ ಸೇರಿಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದ ಹಾಗೆ. ಸಂಜೆ ಹೊತ್ತು, ಬೇರಿನ ಮಣ್ಣು ಒಡೆಯದಂತೆ ಪಾಲಿಥೀನ್ ಚೀಲ ಸೀಳಿ ನೆಡಿ. ಕಸಿ ಗಂಟು, ಅಂದರೆ ಕಸಿ ಕಟ್ಟಿದ ಜಾಗ, ನೆಲದಿಂದ ಮೇಲೇ ಇರಬೇಕು. ಗೂಡು ಅವತ್ತೇ ನಿಲ್ಲಿಸಿ. ನಾಳೆ ಅಂದರೆ ಅಷ್ಟರಲ್ಲಿ ಒಂದು ರಾತ್ರಿ ಇದೆ.

ಉಳಿದ 11 ಗಿಡಗಳನ್ನು ಕಸಿ ಗಂಟಿನ ಹತ್ತಿರ ಕೂತು ನೋಡಿ. ಗಂಟಿನ ಮೇಲೆ ಚಿಗುರಿದ್ದರೆ ಗಿಡ ನಿಮ್ಮದೇ, ಗೂಡು ಹಾಕಿ ಉಳಿಸಿಕೊಳ್ಳಿ. ಗಂಟಿನ ಕೆಳಗಿನಿಂದ ಮಾತ್ರ ಚಿಗುರಿದ್ದರೆ ಅದು ನೀವು ಕೊಂಡ ತಳಿ ಅಲ್ಲ, ಕಸಿ ಕಟ್ಟಲು ಅಡಿಯಲ್ಲಿ ಬಳಸಿದ ಬೇರುಗಿಡ. ಎಷ್ಟೋ ರೈತರು ಹಸಿರಾಗಿದೆ ಅಂತ ಅದನ್ನೇ ಐದಾರು ವರ್ಷ ಸಾಕಿ ಕೊನೆಗೆ ಕೈ ಸುಟ್ಟುಕೊಳ್ಳುತ್ತಾರೆ. ನೋಡಿದಾಗ ತುಂಬಾ ಬೇಜಾರಾಗುತ್ತದೆ. ಅಂಥದ್ದನ್ನು ತೆಗೆದುಬಿಡಿ, ಇಲ್ಲವೇ ಅದರ ಮೇಲೆ ಹೊಸದಾಗಿ ಕಸಿ ಕಟ್ಟಿಸಿ.

ಜಿಂಕೆ ಹಿಂಗಾಲ ಮೇಲೆ ನಿಂತು ಎತ್ತರದ ಎಲೆಯನ್ನೂ ಎಟುಕಿಸಿಕೊಳ್ಳುತ್ತದೆ. ಕೊಂಬೆಗಳು 6 ಅಡಿ ದಾಟುವ ತನಕ ಗೂಡು ತೆಗೆಯಬೇಡಿ. ಆಮೇಲೂ ಕೊಂಬು ಉಜ್ಜದಂತೆ ಕಾಂಡದ ಸುತ್ತ ಮೂರು ಬಿದಿರಿನ ಗಳ ಇರಲಿ. ಕಾಡಿನ ಬದಿಯ ಸಾಲಿಗೆ ಸೀತಾಫಲ ಹಾಕಬಹುದು. ಅದರ ಎಲೆಯ ವಾಸನೆಗೆ ಆಡೂ ಬಾಯಿ ಹಾಕುವುದಿಲ್ಲ.

ಪ್ರಶ್ನೆ: ಗಿಡಕ್ಕೆ ಜಿಂಕೆ ಬರದಂತೆ ತಡೆಯಲು ಹಳೆ ಸೀರೆ, ಮೀನಿನ ಬಲೆ, ಕೊಳೆತ ಮೊಟ್ಟೆ ನೀರು, ಇವುಗಳಲ್ಲಿ ಯಾವುದು ಒಳ್ಳೆಯದು?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಸೀರೆಗೆ ಕೆಲವು ದಿನ ಹೆದರುತ್ತವೆ, ಆಮೇಲೆ ರೂಢಿಯಾಗುತ್ತದೆ. ಮೊಟ್ಟೆ ನೀರು ಕೆಲಸ ಮಾಡುತ್ತದೆ. ಲೀಟರ್ ನೀರಿಗೆ 4 ಮೊಟ್ಟೆ ಒಡೆದು ಕಲಸಿ, ಕೊಳೆಸಿ, ಸೋಸಿ ಎಲೆಗೆ ಸಿಂಪಡಿಸಿ. ಆದರೆ ಮಲೆನಾಡಿನ ಮಳೆಯಲ್ಲಿ ಅದು ನಿಲ್ಲುವುದಿಲ್ಲ. ಮಳೆ ಬಿಟ್ಟಾಗಲೆಲ್ಲ ಮತ್ತೆ ಹೊಡೆಯಬೇಕು. ಹೊಸ ಚಿಗುರು ಬಂದಾಗಲೂ ಅಷ್ಟೇ. ಬಲೆ ಮಾತ್ರ ಬೇಡ. ಗಂಡು ಜಿಂಕೆಯ ಕೊಂಬು ಅದರಲ್ಲಿ ಸಿಕ್ಕಿಕೊಂಡರೆ, ಬಿಡಿಸಿಕೊಳ್ಳಲು ಒದ್ದಾಡಿ ಒದ್ದಾಡಿಯೇ ಸಾಯುತ್ತದೆ.