ಟಿಸಿ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ

ಅಡಿಕೆ ಸುಲಿಯಲು ತೀರ್ಥಹಳ್ಳಿ ಕಡೆ ಬಂದ ಕುಟುಂಬದ 12 ವರ್ಷದ ಹುಡುಗ 4ನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಾನೆ, ಟಿಸಿಯೂ ಇಲ್ಲ, ಸೇರಿಸಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಆ ಹಕ್ಕು ಕೊಟ್ಟಿದೆ. ಟಿಸಿ, ಜನನ ಪತ್ರ ಇಲ್ಲದಿದ್ದರೂ ಸರಿ. ಕೂರಿಸುವುದು ವಯಸ್ಸಿಗೆ ತಕ್ಕ ಕ್ಲಾಸಿನಲ್ಲಿ, ಚಿಕ್ಕ ಮಕ್ಕಳ ಜೊತೆ ಅಲ್ಲ. ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. 14 ದಾಟಿದರೂ 8ನೇ ಮುಗಿಯುವವರೆಗೆ ಉಚಿತ.

ನಮ್ಮ ಮನೆಯ ಅಡಿಕೆ ಸುಲಿಯಲೂ ಇಂಥ ಹುಡುಗನೊಬ್ಬ ಅಮ್ಮನ ಜೊತೆ ಬರುತ್ತಿದ್ದ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಪಕ್ಕ ಕೂತು, ಅಮ್ಮ ಸುಲಿದು ತುಂಬಿದ ಡಬ್ಬಗಳ ಲೆಕ್ಕವನ್ನು ಗೋಡೆ ಮೇಲೆ ಇದ್ದಿಲಲ್ಲಿ ಗೀಚುತ್ತಿದ್ದ. ಒಂದು ದಿನವೂ ತಪ್ಪಿಲ್ಲ!

ಶಾಲೆಗೆ ಸುಮ್ನೆ ಫೋನ್ ಮಾಡಿ ಕೇಳಬೇಡಿ, ನೀವು ಹೇಳಿದ ಹುಡುಗನ ಅಪ್ಪನನ್ನೂ ಕರೆದುಕೊಂಡು ಹೋಗಿ. ಹೆಡ್ ಮಾಸ್ಟರ್ ಒಪ್ಪದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆದು ಕೊಡಿ.