ಕುಳ್ಳ ಸೈನಿಕರಲ್ಲ, ಬೆಳೆಯುತ್ತಿದ್ದ ಹುಡುಗರು: ಒಬ್ಬ ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಹಳೆಯ ಯುದ್ಧಚಿತ್ರಗಳಲ್ಲಿ ಕಾಣುವ ಗಿಡ್ಡ ಜರ್ಮನ್ ಸೈನಿಕರನ್ನು ಕುರಿತ ನಿಮ್ಮ ಲೇಖನವನ್ನೂ ಅದರ ಜೊತೆಗಿದ್ದ ನಾಲ್ಕು ಚಿತ್ರಗಳನ್ನೂ ಎರಡು ಸಲ ನೋಡಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಈ ವಿಷಯವನ್ನು ನೀವು ಕೈಬಿಡಬಾರದು ಎಂಬ ಆಸೆಯಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಮಹಾಯುದ್ಧದ ಹಸಿವಿನಿಂದ ಒಂದು ಇಡೀ ಪೀಳಿಗೆ ಕುಳ್ಳಾಯಿತು, ಎರಡನೇ ಮಹಾಯುದ್ಧದ ಚಿತ್ರಗಳಲ್ಲಿ ಕಾಣುವುದು ಅದರ ಫಲ ಎಂಬುದು ನಿಮ್ಮ ವಾದ. 1916-17ರ ಚಳಿಗಾಲದಲ್ಲಿ ಬ್ರಿಟನ್ನಿನ ನೌಕಾ ದಿಗ್ಬಂಧನವೂ ಆಲೂಗಡ್ಡೆ ಬೆಳೆಯ ನಾಶವೂ ಸೇರಿ, ದನಗಳಿಗೆ ಹಾಕುತ್ತಿದ್ದ ಗೆಡ್ಡೆಯನ್ನು ಜರ್ಮನಿಯ ಜನ ತಿಂದು ಬದುಕಿದ್ದು ನಿಜ. ಆದರೆ ಆ ಚಳಿಗಾಲದಲ್ಲಿ ಹುಟ್ಟಿದ ಮಗುವಿಗೆ 1945ರಲ್ಲಿ 28 ವರ್ಷ. ನಿಮ್ಮ ಚಿತ್ರಗಳಲ್ಲಿರುವವರಿಗೆ ಮೀಸೆಯೇ ಚಿಗುರಿಲ್ಲ; ಅವರು 1928, 1929ರ ಸುಮಾರಿಗೆ ಹುಟ್ಟಿದವರು. ಅವರು ಕುಳ್ಳರಲ್ಲ, ಇನ್ನೂ ಬೆಳೆಯುತ್ತಿದ್ದ ಹುಡುಗರು. ದೊಡ್ಡವರ ಅಳತೆಗೆ ಹೊಲಿದ ಕೋಟು ಮತ್ತು ಹುಬ್ಬಿನವರೆಗೆ ಇಳಿಯುವ ಹೆಲ್ಮೆಟ್ ಅವರನ್ನು ಇನ್ನಷ್ಟು ಚಿಕ್ಕವರನ್ನಾಗಿ ತೋರಿಸುತ್ತವೆ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು: ಈ ಎರಡನೇ ಯುದ್ಧದಲ್ಲಿ ಜರ್ಮನ್ನರ ಪಡಿತರ ಬಹುಕಾಲ ಕುಸಿಯದೆ ನಿಂತದ್ದು ಆಕ್ರಮಿತ ದೇಶಗಳಿಂದ ಕಿತ್ತು ತಂದ ಆಹಾರದ ಬಲದಿಂದ. ಜರ್ಮನಿಯ ಹಸಿವನ್ನು ಬರೆಯುವವರು ಆ ಹಸಿವನ್ನು ಯಾರ ತಟ್ಟೆಗೆ ದಾಟಿಸಲಾಯಿತು ಎಂಬುದನ್ನೂ ಬರೆಯಬೇಕು.

ನಾಲ್ಕು ಚಿತ್ರಗಳಿಂದ ಒಂದು ಸೈನ್ಯದ ಎತ್ತರವನ್ನು ಅಳೆಯುವುದು ಸಾಧ್ಯವಿಲ್ಲ. ಸೆರೆಸಿಕ್ಕವರ ಸಾಲಿನಲ್ಲಿ ಛಾಯಾಗ್ರಾಹಕನ ಕಣ್ಣು ಎಲ್ಲರಿಗಿಂತ ಬೇರೆಯಾಗಿ ಕಾಣುವವನ ಮೇಲೆಯೇ ನಿಲ್ಲುತ್ತದೆ. 1944ರಲ್ಲಿ ಫ್ರಾನ್ಸಿನ ಕ್ಯಾಲೆ ಬಳಿ ಶರಣಾದ ಯಾಕೋಬ್ ನಾಕೆನ್ ಎಂಬ ಜರ್ಮನ್ ಸೈನಿಕನ ಎತ್ತರ ಸುಮಾರು 221 ಸೆಂಟಿಮೀಟರ್. ಅವನ ಎದೆಮಟ್ಟಕ್ಕಷ್ಟೇ ಬರುವ ಎದುರಾಳಿ ಸೈನಿಕನ ಪಕ್ಕದಲ್ಲಿ ಅವನು ನಿಂತ ಚಿತ್ರ ಇಂದಿಗೂ ಪ್ರಸಿದ್ಧ. ಅದನ್ನು ನೋಡಿ ಜರ್ಮನ್ನರೆಲ್ಲ ದೈತ್ಯರೆಂದು ನೀವು ಬರೆಯುತ್ತಿರಲಿಲ್ಲ. ಅದೇ ಎಚ್ಚರ ಗಿಡ್ಡವರ ವಿಷಯದಲ್ಲೂ ಇರಬೇಕಿತ್ತು.

ಇನ್ನು ‘ಸೈನಿಕ’ ಎಂಬ ಪದ. ನೀವು ನಾಲ್ವರನ್ನೂ ಅದೇ ಪದದಿಂದ ಕರೆದಿದ್ದೀರಿ. ನಿಮ್ಮ ಎರಡನೆಯ ಚಿತ್ರದಲ್ಲಿ ಫಿರಂಗಿಯ ಪಕ್ಕ ನಿಂತಿರುವ ಹುಡುಗನ ತೋಳಿನಲ್ಲಿ ನಾಜಿ ಪಕ್ಷದ ಹುಡುಗರ ಸಂಘಟನೆಯಾದ ಹಿಟ್ಲರ್ ಯುವದಳದ ಪಟ್ಟಿ ಇದೆ. 1943ರ ಫೆಬ್ರವರಿಯಿಂದ ಪ್ರೌಢಶಾಲೆಯ ಹುಡುಗರನ್ನು, ಮೊದಲಿಗೆ 1926 ಮತ್ತು 1927ರಲ್ಲಿ ಹುಟ್ಟಿದವರನ್ನು, ವಿಮಾನನಿರೋಧಕ ಫಿರಂಗಿಗಳ ಸಹಾಯಕರನ್ನಾಗಿ ಕರೆದೊಯ್ಯಲಾಯಿತು. ಕಾಗದದ ಮೇಲೆ ಅವರು ಸೈನಿಕರಲ್ಲ, ಶಾಲಾ ಮಕ್ಕಳೇ. ಅವರಿಗೆ ಪಾಠ ಹೇಳಲು ಉಪಾಧ್ಯಾಯರು ಫಿರಂಗಿಯ ತಾಣಕ್ಕೇ ಬರುತ್ತಿದ್ದರು. ತಮ್ಮನ್ನು ಚಿಕ್ಕವರೆಂದು ಸಾರುವ ಆ ಪಟ್ಟಿಯನ್ನು ಎಷ್ಟೋ ಹುಡುಗರು ಅವಕಾಶ ಸಿಕ್ಕಾಗಲೆಲ್ಲ ಬಿಚ್ಚಿಡುತ್ತಿದ್ದರು. 1944ರ ಶರತ್ಕಾಲದಲ್ಲಿ ಹುಟ್ಟಿದ ಫೋಕ್ಸ್‌ಷ್ಟುರ್ಮ್ ಎಂಬ ಜನಪಡೆಯ ಕತೆ ಬೇರೆ: 16ರಿಂದ 60ರವರೆಗಿನ ಗಂಡಸರನ್ನು ಅದಕ್ಕೆ ಸೇರಿಸಬಹುದಿತ್ತು, ಕೊನೆಯ ತಿಂಗಳುಗಳಲ್ಲಿ ಆ ವಯಸ್ಸಿನ ಮಿತಿಯೂ ಉಳಿಯಲಿಲ್ಲ. ಮೂರನೆಯ ಬಗೆ, ‘ಹಿಟ್ಲರ್ ಯುವದಳ’ದ ಹೆಸರನ್ನೇ ಹೊತ್ತ, ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಹನ್ನೆರಡನೇ ಟ್ಯಾಂಕ್ ಡಿವಿಷನ್, ಅದರ ಹುಡುಗರಲ್ಲಿ ಬಹುಪಾಲು 1926ರಲ್ಲಿ ಹುಟ್ಟಿದವರು, ತೀರ ಚಿಕ್ಕವರಿಗೆ ಸಿಗರೇಟಿನ ಬದಲು ಮಿಠಾಯಿ ಹಂಚಲಾಗುತ್ತಿತ್ತು. ಈ ಮೂರು ಬಗೆಯವರ ಉಡುಪು, ಆಯುಧ, ತರಬೇತಿ ಎಲ್ಲವೂ ಬೇರೆ. ಯಾವ ಚಿತ್ರದಲ್ಲಿ ಯಾರಿದ್ದಾರೆಂದು ಗುರುತಿಸುವುದೇ ನಿಮ್ಮ ಲೇಖನದ ಮುಖ್ಯ ಕೆಲಸವಾಗಬೇಕಿತ್ತು.

ಅಡಿಬರಹಗಳನ್ನು ನಂಬುವ ಮುನ್ನ ಪರೀಕ್ಷಿಸಿ. ಹಿಟ್ಲರ್ 12 ವರ್ಷದ ಬಾಲಕನ ಕೆನ್ನೆ ಸವರುವ ದೃಶ್ಯವನ್ನು ನೀವು 1945ರ ಏಪ್ರಿಲ್ 20ಕ್ಕೆ, ಅಂದರೆ ಹಿಟ್ಲರನ ಕೊನೆಯ ಹುಟ್ಟುಹಬ್ಬಕ್ಕೆ ಸೇರಿಸಿದ್ದೀರಿ. ಈ ತಪ್ಪು ಹಲವು ಕಡೆ ಅಚ್ಚಾಗಿದೆ. ಆ ದೃಶ್ಯ ಮಾರ್ಚ್ ತಿಂಗಳ ವಾರ್ತಾಚಿತ್ರದ್ದು, ಪ್ರಚಾರಕ್ಕಾಗಿಯೇ ತೆಗೆದದ್ದು.

ಕೊನೆಯದಾಗಿ, ನನ್ನನ್ನು ಹೆಚ್ಚು ಕಾಡಿದ ವಿಷಯ. ‘ಬಾಡಿದ ಮೊಗ್ಗುಗಳು’ ಎಂಬ ಮಾತು ನಿಮ್ಮ ಲೇಖನದಲ್ಲಿ ಐದು ಸಲ ಬರುತ್ತದೆ. ಆ ಮಕ್ಕಳ ಬಗ್ಗೆ ನನಗೂ ಮರುಕವಿದೆ. ಆದರೆ 1944ರ ಜೂನ್‌ನಲ್ಲಿ ನಾರ್ಮಂಡಿಯ ಆರ್ದೆನ್ ಮಠದಲ್ಲಿ ಸೆರೆಯಾಗಿದ್ದ ಕೆನಡಾದ ಸೈನಿಕರನ್ನು ಕೊಂದದ್ದು ಇದೇ ಹನ್ನೆರಡನೇ ಡಿವಿಷನ್. ಆಜ್ಞೆ ಯಾರದು, ಹತ್ತು ವರ್ಷದ ವಯಸ್ಸಿನಿಂದಲೇ ಆ ಹುಡುಗರನ್ನು ತಿದ್ದಿ ತೀಡಿದವರು ಯಾರು ಎಂದು ಖಂಡಿತ ಕೇಳಿ; ಸತ್ತವರನ್ನು ಮರೆಮಾಡುವ ಹೋಲಿಕೆಯನ್ನು ಮಾತ್ರ ಬಳಸಬೇಡಿ.

ನಾಲ್ಕನೆಯ ಚಿತ್ರದ ಹುಡುಗನ ಕೋಟಿನ ತೋಳನ್ನು ಯಾರೋ ಎರಡು ಮಡಿಕೆ ಮಡಿಚಿ ಸೂಜಿಯಿಂದ ಹೊಲಿದಿದ್ದಾರೆ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಇಡೀ ಬರಹದಲ್ಲಿ ನೀವು ಸ್ವತಃ ಕಣ್ಣಿಟ್ಟು ನೋಡಿದ ಸಾಲು ಅದೊಂದೇ. ಅಲ್ಲಿಂದ ಮತ್ತೆ ಆರಂಭಿಸಿ, ಪ್ರತಿ ಚಿತ್ರದ ಮೂಲ ಅಡಿಬರಹವನ್ನೂ ಅದು ಯಾವ ಸಂಗ್ರಹದ್ದು ಎಂಬುದನ್ನೂ ಜೊತೆಗಿಟ್ಟು ಕಳುಹಿಸಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ