ಅಂಗಡಿಯ ಲೆಕ್ಕಕ್ಕೂ ಮಗಳ ಬಿ.ಸಿ.ಎ.ಗೂ ಒಂದೇ ಲ್ಯಾಪ್‌ಟಾಪ್ ಸಾಕಾ?

ಆ ಹಳೇ ಐ7 ಲ್ಯಾಪ್‌ಟಾಪ್ ತಗೊಳ್ಳಬೇಡಿ. ನಾಳೆಯೇ ಅಡ್ವಾನ್ಸ್ ಕೊಡುತ್ತೇನೆ ಅಂತ ಬರೆದಿದ್ದೀರಿ, ಅದಕ್ಕೇ ಈ ಮಾತು ಮೊದಲು.

ನಿಮ್ಮದು ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ, ಜಿ.ಎಸ್.ಟಿ., ಕನ್ನಡ ಟೈಪಿಂಗ್‌ನ 'ನುಡಿ' ಸಾಫ್ಟ್‌ವೇರ್‌ನಲ್ಲಿ ನಾಲ್ಕು ಪತ್ರ, ಇಷ್ಟು ಕೆಲಸ. ಮಗಳು ಈ ವರ್ಷ ಬಿ.ಸಿ.ಎ. ಸೇರಿದ್ದಾಳೆ. ಕೈಯಲ್ಲಿ 60 ಸಾವಿರ ಇದೆ. ಹಗಲು ಅಂಗಡಿಗೆ, ರಾತ್ರಿ ಮಗಳಿಗೆ ಅಂತ ಒಂದೇ ಲ್ಯಾಪ್‌ಟಾಪ್ ನೋಡುತ್ತಿದ್ದೀರಿ. ಪರಿಚಯದವರೊಬ್ಬರು ಐ7-6600ಯು ಇರುವ ಸೆಕೆಂಡ್ ಹ್ಯಾಂಡ್ ತೋರಿಸಿ "ಐ7 ಅಂದ್ರೆ ಟಾಪ್" ಅಂದಿದ್ದಾರೆ. ನಾನು ರಾಯಚೂರು ಗಂಜ್‌ನ ದಲಾಲಿ ಅಂಗಡಿಗಳಿಗೆ ಟ್ಯಾಲಿ ಹಾಕಿಕೊಡುತ್ತೇನೆ, ಕೆಟ್ಟ ಕಂಪ್ಯೂಟರ್ ರಿಪೇರಿಯನ್ನೂ ಮಾಡುತ್ತೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಐ7 ಅನ್ನುವುದು ಇಂಟೆಲ್ ಕಂಪನಿಯ ಪ್ರೊಸೆಸರ್‌ನ (ಕಂಪ್ಯೂಟರ್‌ನ ಮಿದುಳಿನ) ದರ್ಜೆಯ ಹೆಸರು ಅಷ್ಟೆ. ಅದರ ಮುಂದಿನ ಸಂಖ್ಯೆ ನೋಡಬೇಕು. 6600ರಲ್ಲಿ ಮೊದಲ ಅಂಕಿ 6, ಅಂದರೆ ಆರನೇ ತಲೆಮಾರು. ಒಳಗಿರುವುದು ಎರಡೇ ಕೋರ್, ಅಂದರೆ ಕೆಲಸ ಮಾಡುವ ಕೈ ಎರಡೇ. ಹೋಲಿಕೆಗೆ 12ನೇ ತಲೆಮಾರಿನ ಐ3-1215ಯು ನೋಡಿ, ಅದರಲ್ಲಿ ಆರು ಕೋರ್ ಇವೆ. ಹೆಸರಿಗೆ ಐ3 ಆದರೂ ಕೆಲಸದಲ್ಲಿ ಆ ಐ7ಗಿಂತ ಎಷ್ಟೋ ಮುಂದೆ. ಬೀಜದ ಪ್ಯಾಕೆಟ್ ಮೇಲೆ ತಳಿಯ ಹೆಸರಷ್ಟೇ ಅಲ್ಲ, ಅವಧಿ ಮುಗಿಯುವ ತಾರೀಖೂ ನೋಡಿ ಅಂತ ನೀವೇ ರೈತರಿಗೆ ಹೇಳುತ್ತೀರಿ ಅಲ್ವಾ? ಇದೂ ಹಾಗೇ. ಈ ಲ್ಯಾಪ್‌ಟಾಪ್‌ನ ಅವಧಿಯೂ ಮುಗಿದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇಂಟೆಲ್‌ನಲ್ಲಿ ವಿಂಡೋಸ್ 11 ಸರಿಯಾಗಿ ಬೇಕಂದರೆ ಸುಮಾರಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು. ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ ಅಂದರೆ ನನಗಂತೂ ಭಯವಾಗುತ್ತೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಒಂದೇ ಯಂತ್ರ ಸಾಕಾ? ಸಾಕಾಗಲ್ಲ. 60 ಸಾವಿರದಲ್ಲಿ ಒಂದು "ಟಾಪ್" ಲ್ಯಾಪ್‌ಟಾಪ್ ತರುವ ಬದಲು ಎರಡು ಸಾಧಾರಣ ಯಂತ್ರ ತನ್ನಿ. ಅಂಗಡಿಗೆ ಡೆಸ್ಕ್‌ಟಾಪ್, ಮಗಳಿಗೆ ಲ್ಯಾಪ್‌ಟಾಪ್. ತಿಂಗಳಿಗೊಮ್ಮೆ ಜಿ.ಎಸ್.ಟಿ. ರಿಟರ್ನ್ ಹಾಕುವವರಾದರೆ 11ನೇ ತಾರೀಖು, 20ನೇ ತಾರೀಖಿನ ಗಡುವು ಬಂದಾಗ ನಿಮಗೆ ಕಂಪ್ಯೂಟರ್ ಬೇಕೇ ಬೇಕು. ಅವಳ ಅಸೈನ್‌ಮೆಂಟ್ ಕೂಡ ಅದೇ ಹೊತ್ತಿಗೆ ಬರುತ್ತೆ. ಅಂಗಡಿಯ ಲೆಕ್ಕ, ಪಾಸ್‌ವರ್ಡ್ ಎಲ್ಲಾ ಇರುವ ಲ್ಯಾಪ್‌ಟಾಪ್ ಕಾಲೇಜಿಗೆ ಹೋಗಿ ಬರುವುದೂ ಒಳ್ಳೆಯದಲ್ಲ.

ಅಂಗಡಿಗೆ ಲ್ಯಾಪ್‌ಟಾಪ್ ಬೇಡ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನಮ್ಮ ಊರಿನ ಹವೆ. ಹೆಚ್ಚಿನ ಕಂಪನಿಗಳು ತಮ್ಮ ಲ್ಯಾಪ್‌ಟಾಪ್ ಸುತ್ತಲಿನ ಗಾಳಿ 35 ಡಿಗ್ರಿವರೆಗೆ ಇರಬಹುದು ಅಂತ ಬರೆಯುತ್ತವೆ. ನಮ್ಮಲ್ಲಿ ಏಪ್ರಿಲ್-ಮೇ ಬಿಸಿಲು 40 ದಾಟುತ್ತೆ. ಮೇಲೆ ತಗಡಿನ ಶೀಟಿದ್ದರೆ ಕೇಳಲೇಬೇಡಿ. ಅಂಥ ಕಡೆ ದಿನವಿಡೀ ಚಾರ್ಜರ್‌ಗೆ ಹಾಕಿಟ್ಟರೆ ಬ್ಯಾಟರಿ ಬೇಗ ಸೊರಗುತ್ತೆ, ಕೆಲವು ಸಲ ಉಬ್ಬುತ್ತೆ. ಡೆಸ್ಕ್‌ಟಾಪ್‌ಗೆ ಬಿಸಿಲು ತಾಗಲ್ಲ ಅಂತಲ್ಲ. ಆದರೆ ಅದರಲ್ಲಿ ಬ್ಯಾಟರಿ ತಂಟೆ ಇಲ್ಲ, ಮುಚ್ಚಳ ತೆಗೆದು ನೀವೇ ಧೂಳು ಹೊಡೆಯಬಹುದು. ಇಲ್ಲಿ ಹತ್ತಿ ಸೀಜನ್‌ನಲ್ಲಿ ಗಂಜ್ ಕಡೆಯ ಕಂಪ್ಯೂಟರ್ ಬಿಚ್ಚಿದರೆ ಫ್ಯಾನ್ ಸುತ್ತ ಹತ್ತಿ ಎಳೆ ಸುತ್ತಿಕೊಂಡು ಗಾಳಿಯೇ ಆಡುತ್ತಿರಲ್ಲ. ನಿಮ್ಮದು ಅದಕ್ಕಿಂತ ಕಷ್ಟದ ಜಾಗ. ಯೂರಿಯಾ, ಪೊಟ್ಯಾಷ್ ಪುಡಿ ಗಾಳಿಯ ತೇವ ಎಳೆದುಕೊಳ್ಳುತ್ತೆ, ಆಮೇಲೆ ಬೋರ್ಡಿನ ತಾಮ್ರ, ಕನೆಕ್ಟರ್ ಎಲ್ಲಾ ಹಸಿರುಗಟ್ಟುತ್ತೆ. ಆದ್ದರಿಂದ ಚೀಲದ ಸಾಲಿನಿಂದ ದೂರ, ಸಾಧ್ಯವಾದರೆ ಬಾಗಿಲಿರುವ ಚಿಕ್ಕ ಕೋಣೆಯಲ್ಲಿ, ನೆಲಕ್ಕಿಂತ ಎತ್ತರದಲ್ಲಿ ಇಡಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ಹಿಡಿದಿರಿ, ಸುಮ್ನೆ ಗರಗರ ತಿರುಗಲು ಬಿಡಬೇಡಿ.

ಯಾವ ಡೆಸ್ಕ್‌ಟಾಪ್? ಟ್ಯಾಲಿಗೆ ದೊಡ್ಡ ಶಕ್ತಿ ಬೇಕಿಲ್ಲ. ದೊಡ್ಡ ಆಫೀಸುಗಳಿಂದ ವಾಪಸ್ ಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ನಂಥ ಗಟ್ಟಿ ಯಂತ್ರಗಳು ಹೊಸದರ ಬೆಲೆಯ ಒಂದು ಪಾಲಿಗೇ ಸಿಗುತ್ತವೆ. ಐ5-8500 ಇದ್ದರೆ ತುಂಬಾ ಚೆನ್ನಾಗಿದೆ. ಆರು ಕೋರ್, ವಿಂಡೋಸ್ 11 ಅಧಿಕೃತವಾಗಿ ನಡೆಯುತ್ತೆ. 8 ಜಿ.ಬಿ. ರ‍್ಯಾಮ್ ಸಾಕು. ಡಿಸ್ಕ್ ಮಾತ್ರ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ತುಂಬಾ ವೇಗದ್ದು) ಇರಲೇಬೇಕು, ಇದರಲ್ಲಿ ರಾಜಿ ಬೇಡ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ದಿನವೇ ಎಷ್ಟೋ ಅಂಗಡಿಯವರು ಹೊಸ ಕಂಪ್ಯೂಟರ್ ಬಂದಷ್ಟು ಖುಷಿಪಟ್ಟಿದ್ದಾರೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ, ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯಾ ಎಚ್‌ಡಿಡಿಯಾ (ಹಳೇ ಹಾರ್ಡ್ ಡಿಸ್ಕಾ), ಎಲ್ಲಾ ಕಾಣುತ್ತೆ. ಬಾಯಿ ಮಾತು ನಂಬುವ ಅಗತ್ಯವೇ ಇಲ್ಲ.

ಇದರ ಜೊತೆ 600 ವಿ.ಎ. ಯುಪಿಎಸ್ ಕಡ್ಡಾಯ. ಟ್ಯಾಲಿಯಲ್ಲಿ ಎಂಟ್ರಿ ಹಾಕುವಾಗ ಕರೆಂಟ್ ಹೋದರೆ ಡೇಟಾ ಕೆಡುವ ಸಂಭವ ಇದೆ, ಅದನ್ನು ಸರಿ ಮಾಡಿಸುವ ಖರ್ಚು ಯುಪಿಎಸ್‌ಗಿಂತ ಜಾಸ್ತಿ. ಅಂಗಡಿಯಲ್ಲಿ ಇನ್ವರ್ಟರ್ ಇದೆ ಅಂದರೆ ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗಬಹುದು. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಚುಚ್ಚಬೇಡಿ, ಬಿಸಿಯಾಗುವಾಗ ತುಂಬಾ ಕರೆಂಟ್ ಎಳೆಯುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಒಮ್ಮೆ ನೋಡಿಸಿ. ದಿನಾ ಅಂಗಡಿ ಮುಚ್ಚುವ ಮುಂಚೆ ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೊಂಡು ಮನೆಗೆ ಒಯ್ಯಿರಿ.

ಇಷ್ಟಕ್ಕೆ ನಿಮ್ಮ ದುಡ್ಡಿನ ಮೂರನೇ ಒಂದು ಭಾಗ ಇಟ್ಟುಕೊಳ್ಳಿ. ಉಳಿದದ್ದು ಮಗಳಿಗೆ.

ಅವಳಿಗೆ ಹೊಸದನ್ನೇ ಕೊಡಿಸಿ. ಮೂರು ವರ್ಷ ದಿನವೂ ಹೊತ್ತು ತಿರುಗುವ ವಸ್ತು ಅದು. ಸಿ, ಜಾವಾ, ಪೈಥಾನ್ ಕಲಿಯಲು ಐ3-1215ಯು ಸಾಕು. ಹೊಸ ಇಂಟೆಲ್‌ಗಳಲ್ಲಿ 'ಐ' ಬಿಟ್ಟು ಬರೀ ಕೋರ್ 3, ಕೋರ್ 5 ಅಂತ ಬರುತ್ತಿದೆ, ಗಾಬರಿಯಾಗಬೇಡಿ. ಇಂಟೆಲ್ ಬದಲು ಎಎಂಡಿ ಕಂಪನಿಯ ಪ್ರೊಸೆಸರ್ ಆದರೆ ರೈಜೆನ್ 5 7530ಯು ಕೇಳಿ. 7520ಯು ಅಂತ ಇನ್ನೊಂದಿದೆ, ಸಂಖ್ಯೆಯಲ್ಲಿ ಹತ್ತರಷ್ಟೇ ವ್ಯತ್ಯಾಸ ಅನ್ನಿಸುತ್ತೆ. ಆದರೆ ಅದು ಹಳೇ ವಿನ್ಯಾಸದ ನಾಲ್ಕು ಕೋರ್‌ನದು, ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತೆ, ಮುಂದೆ ಹೆಚ್ಚಿಸಲು ಬರಲ್ಲ. ಈ ರ‍್ಯಾಮ್ ವಿಷಯ ಮುಖ್ಯ. ಕೊನೆಯ ವರ್ಷ ಮೊಬೈಲ್ ಆ್ಯಪ್ ಪ್ರಾಜೆಕ್ಟ್ ಮಾಡಿದರೆ ಅದಕ್ಕೆ ಬಳಸುವ ಆಂಡ್ರಾಯ್ಡ್ ಸ್ಟುಡಿಯೋ ಸಾಫ್ಟ್‌ವೇರ್ 8 ಜಿ.ಬಿ.ಯಲ್ಲಿ ಒದ್ದಾಡುತ್ತೆ. ಈಗಲೇ 16 ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಖಾಲಿ ಸ್ಲಾಟ್ ಇರುವುದನ್ನಾದರೂ ತಗೊಳ್ಳಿ. ಸೆಲೆರಾನ್ ಅನ್ನುವ ಕೆಳದರ್ಜೆಯ ಪ್ರೊಸೆಸರ್, ಎಸ್‌ಎಸ್‌ಡಿ ಬದಲು 64 ಜಿ.ಬಿ.ಯ ನಿಧಾನದ ಇಎಂಎಂಸಿ ಸ್ಟೋರೇಜ್ ಇರುವ ಅಗ್ಗದವು ಬೇಡವೇ ಬೇಡ. ಪರದೆ 1920x1080 ಇರಲಿ. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್, ಅಂದರೆ ಕ್ರೋಮ್‌ಬುಕ್ ಬಗ್ಗೆಯೂ ಕೇಳಿದ್ದೀರಿ. ಟ್ಯಾಲಿ, ನುಡಿ ಎರಡಕ್ಕೂ ವಿಂಡೋಸ್ ಬೇಕು, ಹಾಗಾಗಿ ಅಂಗಡಿಗೆ ಬರಲ್ಲ. ಮಗಳ ಲ್ಯಾಪ್‌ಟಾಪ್‌ನಲ್ಲಿ 'ಎಸ್ ಮೋಡ್' ವಿಂಡೋಸ್ ಇದ್ದರೆ ಹೊರಗಿನ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಲ್ಲ. ಅದರಿಂದ ಹೊರಬರುವುದು ಉಚಿತ, ವಿಂಡೋಸ್‌ನ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಆಯ್ಕೆ ಇರುತ್ತೆ.

ದುಡ್ಡು ಕೊಡುವ ಮುಂಚೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಅಲ್ಲಿಗೆ ಇದೆಯಾ ಕೇಳಿ. ಇಲ್ಲದಿದ್ದರೆ ಒಂದು ಕೀಬೋರ್ಡ್ ಕೆಟ್ಟರೂ ಮಗಳು ಕ್ಲಾಸ್ ಬಿಟ್ಟು ರಾಯಚೂರಿಗೆ ಓಡಾಡಬೇಕು. ಅಂಗಡಿಯ ಡೆಸ್ಕ್‌ಟಾಪ್ ಬಿಲ್ಲಿಗೆ ನಿಮ್ಮ ಜಿ.ಎಸ್.ಟಿ. ನಂಬರ್ ಹಾಕಿಸಿ. ಮಾರುವವರು ತೆರಿಗೆ ತೋರಿಸಿ ಬಿಲ್ ಕೊಟ್ಟರೆ ಆ 18% ನಿಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಯಾವುದಾದರೂ ಮಾಡೆಲ್ ಮನಸ್ಸಿಗೆ ಬಂದರೆ ಪೂರ್ತಿ ಹೆಸರು, ಸಂಖ್ಯೆ ಸಮೇತ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.